ಮನೆ, ಬಿಳಿಯವಳು: ಸ್ಪ್ಯಾನಿಷ್ ವಿಶೇಷಣಗಳನ್ನು ಕನ್ನಡದ ದಾರಿಯಲ್ಲಿ ಕಲಿಸಿದ ನನ್ನ ಅನುಭವ

ಬೆಂಗಳೂರಿನಲ್ಲಿ ಸುಮಾರು ಹನ್ನೆರಡು ವರ್ಷಗಳಿಂದ ಸ್ಪ್ಯಾನಿಷ್ ಕಲಿಸುತ್ತಿದ್ದೇನೆ. ಕಳೆದ ಬ್ಯಾಚಿನಿಂದ ಒಂಬತ್ತು ಮಂದಿ ಸ್ಪ್ಯಾನಿಷ್ ಪ್ರಾವೀಣ್ಯವನ್ನು ಅಳೆಯುವ ಡೆಲೆ ಪರೀಕ್ಷೆಯ ಎ2 ಎಂಬ ಆರಂಭಿಕ ಹಂತಕ್ಕೆ ಕೂತರು, ಎಂಟು ಮಂದಿ ತೇರ್ಗಡೆಯಾದರು. ಅದಕ್ಕಿಂತಲೂ ನನಗೆ ಹೆಚ್ಚು ಸಂತೋಷ ಕೊಟ್ಟದ್ದೆಂದರೆ, ಆ ಒಂಬತ್ತೂ ಮಂದಿ ಮಾತಿನ ಓಟದಲ್ಲಿ ‘ಲಾ ಕಾಸಾ ಬ್ಲಾಂಕೊ’ ಎನ್ನುವುದನ್ನು ಬಿಟ್ಟಿದ್ದರು. ಸ್ಪ್ಯಾನಿಷ್‌ನಲ್ಲಿ ವಿಶೇಷಣವು ನಾಮಪದದ ಲಿಂಗ, ವಚನಕ್ಕೆ ಹೊಂದಬೇಕು; ‘ಕಾಸಾ’ ಎಂದರೆ ಮನೆ, ಅದು ಸ್ತ್ರೀಲಿಂಗ, ಆದ್ದರಿಂದ ಬಿಳಿ ಎನ್ನಲು ‘ಬ್ಲಾಂಕೊ’ ಅಲ್ಲ, ‘ಬ್ಲಾಂಕಾ’ ಎನ್ನಬೇಕು. ಕನ್ನಡವನ್ನು ತರಗತಿಯೊಳಗೆ ತಂದರೆ ಸ್ಪ್ಯಾನಿಷ್ ಕೆಡುತ್ತದೆ ಎಂದು ನಾಲ್ಕು ವರ್ಷ ನನಗೆ ಬುದ್ಧಿ ಹೇಳಿದವರಿದ್ದಾರೆ. ಅವರೂ ಓದಲಿ, ನನ್ನ ಹಾಗೆ ಕಲಿಸುತ್ತಿರುವವರೂ ಓದಲಿ ಎಂದು ನಡೆದದ್ದನ್ನು ಬರೆಯುತ್ತಿದ್ದೇನೆ. ಪುಲ್ಲಿಂಗ, ಸ್ತ್ರೀಲಿಂಗ, ಅವುಗಳ ಬಹುವಚನಕ್ಕೆ ವಿಶೇಷಣದ ಕೊನೆಯಲ್ಲಿ ಬರುವ ಒ, ಆ, ಓಸ್, ಆಸ್ ಎಂಬ ಕೋಷ್ಟಕವನ್ನು ಮತ್ತೆ ಇಲ್ಲಿ ಹಾಕುವುದಿಲ್ಲ. ಅದು ನಿಮಗೆಲ್ಲ ಗೊತ್ತಿರುವುದೇ, ತೊಡಕು ಇದ್ದದ್ದೂ ಅಲ್ಲಲ್ಲ.

ಮೊದಲ ವರ್ಷಗಳಲ್ಲಿ ನಾನೂ ಆ ಕೋಷ್ಟಕವನ್ನೇ ಬಾಯಿಪಾಠ ಮಾಡಿಸಿದೆ. ಬಿಟ್ಟ ಸ್ಥಳ ತುಂಬಿಸಿ ಎಂದು ಇಪ್ಪತ್ತು ಪ್ರಶ್ನೆ ಕೊಟ್ಟರೆ ಹದಿನೆಂಟು ಸರಿ ಬರುತ್ತಿದ್ದವು. ಒಮ್ಮೆ ಪ್ರತಿಯೊಬ್ಬರ ಮಾತನ್ನೂ ನಾಲ್ಕು ನಿಮಿಷ ಫೋನಿನಲ್ಲಿ ಧ್ವನಿಮುದ್ರಿಸಿ ಮನೆಯಲ್ಲಿ ಕೂತು ಎಣಿಸಿದಾಗ, ಹತ್ತು ವಿಶೇಷಣಗಳಲ್ಲಿ ನಾಲ್ಕೈದು ತಪ್ಪಾಗಿರುವುದು ಕಂಡಿತು. ಕಾಗದದ ಮೇಲೆ ತಿಳಿದದ್ದು ನಾಲಿಗೆಗೆ ಇಳಿದಿರಲಿಲ್ಲ.

ಆಮೇಲೆ ಹಿಂದಿಯ ಸೇತುವೆ. ನಾನು ಆಗ ಕೆಲಸ ಮಾಡುತ್ತಿದ್ದ ಸಂಸ್ಥೆಯಲ್ಲಿ, ‘ಅಚ್ಛಾ, ಅಚ್ಛೀ’ ಎಂದು ತೋರಿಸಿದರೆ ಮಕ್ಕಳು ತಕ್ಷಣ ಹಿಡಿಯುತ್ತಾರೆ ಎಂದು ಹಿರಿಯರು ಒತ್ತಾಯಿಸಿದರು. ಹಿಂದಿ ಮನೆಮಾತಾದವರಿಗೆ ಅದು ನಿಜ. ಆದರೆ ಹಿಂದಿಯಲ್ಲೇ ಯಾವ ವಸ್ತು ಯಾವ ಲಿಂಗ ಎಂದು ತಡವರಿಸುವ ಮಂಡ್ಯ, ಹಾಸನದ ಹುಡುಗರಿಗೆ ಒಂದು ಅನುಮಾನದ ಮೇಲೆ ಇನ್ನೊಂದು ಅನುಮಾನ ಹೇರಿದಂತಾಯಿತು. ಹಿಂದಿಯ ‘ಕಿತಾಬ್’ ಸ್ತ್ರೀಲಿಂಗ, ಸ್ಪ್ಯಾನಿಷ್‌ನ ‘ಲೀಬ್ರೊ’ ಪುಲ್ಲಿಂಗ. ಎರಡನ್ನೂ ನೆನಪಿಡಬೇಕಾದವನ ಪಾಡು ನೀವೇ ಊಹಿಸಿ. ಆ ಬ್ಯಾಚಿನಲ್ಲಿ ನಾಲ್ವರು ನಡುವೆಯೇ ಬಿಟ್ಟರು.

ಮೂರನೆಯದು ನನ್ನದೇ ಯೋಜನೆ, ನಷ್ಟವೂ ನನ್ನದೇ. ಸಂಸ್ಥೆ ಬಿಟ್ಟು ಮನೆಯಲ್ಲೇ ತರಗತಿ ಆರಂಭಿಸಿದ ಮೇಲೆ, ಪುಲ್ಲಿಂಗಕ್ಕೆ ನೀಲಿ, ಸ್ತ್ರೀಲಿಂಗಕ್ಕೆ ಕೆಂಪು ಎಂದು ಸುಮಾರು ನಾನೂರು ಕಾರ್ಡುಗಳನ್ನು ಮುದ್ರಿಸಿ ಲ್ಯಾಮಿನೇಷನ್ ಮಾಡಿಸಿದೆ. ಒಂಬತ್ತು ಸಾವಿರ ರೂಪಾಯಿಯಷ್ಟು ಹೋಯಿತು. ಕಾರ್ಡು ಕಣ್ಣೆದುರು ಇರುವವರೆಗೆ ಎಲ್ಲವೂ ಸರಿ, ಕಾರ್ಡು ತೆಗೆದಿಟ್ಟರೆ ಮತ್ತೆ ‘ಬ್ಲಾಂಕೊ’. ಆ ಪೆಟ್ಟಿಗೆ ಇಂದಿಗೂ ಅಟ್ಟದ ಮೇಲಿದೆ.

ದಾರಿ ಕಂಡದ್ದು ಒಂದು ಸಂಜೆ, ತರಗತಿ ಮುಗಿದ ಮೇಲೆ. ಬಾಗಿಲ ಬಳಿ ನಿಂತ ವಿದ್ಯಾರ್ಥಿನಿಯೊಬ್ಬಳು ಫೋನಿನಲ್ಲಿ ಯಾರಿಗೋ, ‘ನಮ್ಮ ಮ್ಯಾನೇಜರ್ ಇದ್ದಾಳಲ್ಲ, ತುಂಬಾ ಒಳ್ಳೆಯವಳು’ ಎನ್ನುತ್ತಿದ್ದಳು. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮನೆಗಳು: ಹೆಸರಿನ ಮುಂದೆ ನಿಂತಾಗ ನಮ್ಮ ವಿಶೇಷಣ ಅಲುಗಾಡುವುದಿಲ್ಲ, ಹೀಗಾಗಿ ಕನ್ನಡದಲ್ಲಿ ಈ ಹೊಂದಾಣಿಕೆಯೇ ಇಲ್ಲ ಎಂದು ನಾನೇ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ. ಆದರೆ ಅದೇ ಮಾತು ಹೆಸರಿನ ನಂತರ ಬಂದರೆ ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು, ಒಳ್ಳೆಯವರು ಎಂದು ಲಿಂಗವನ್ನೂ ವಚನವನ್ನೂ ತೊಟ್ಟುಕೊಂಡೇ ಬರುತ್ತದೆ. ಅದರಲ್ಲಿ ಯಾವ ಕನ್ನಡಿಗನೂ ತಪ್ಪುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ವಿಶೇಷಣ ಸಾಮಾನ್ಯವಾಗಿ ನಿಲ್ಲುವುದು ಹೆಸರಿನ ನಂತರದ ಆ ಜಾಗದಲ್ಲೇ ಅಲ್ಲವೇ?

ಮರುದಿನದಿಂದ ‘ಕಾಸಾ ಬ್ಲಾಂಕಾ’ ಎಂದರೆ ‘ಬಿಳಿ ಮನೆ’ ಎಂದು ಹೇಳುವುದನ್ನು ತರಗತಿಯಲ್ಲಿ ನಿಲ್ಲಿಸಿದೆ. ‘ಮನೆ, ಬಿಳಿಯವಳು’ ಎಂದೇ ಹೇಳಬೇಕು. ‘ಸೀಯಾ ನ್ವೇವಾ’ ಎಂದರೆ ‘ಕುರ್ಚಿ, ಹೊಸಬಳು’. ‘ಲೀಬ್ರೊ ವಿಯೇಹೊ’ ಎಂದರೆ ‘ಪುಸ್ತಕ, ಹಳಬ’. ಕುರ್ಚಿಯನ್ನು ಅವಳು ಎಂದು ಕರೆಯಲು ಮೊದಲ ವಾರ ಎಲ್ಲರಿಗೂ ಮುಜುಗರವಾಯಿತು, ಎರಡನೆಯ ವಾರ ಅದೇ ರೂಢಿಯಾಯಿತು. ಎಂಟನೆಯ ವಾರ ಮತ್ತೆ ಧ್ವನಿಮುದ್ರಿಸಿ ಎಣಿಸಿದರೆ ಹತ್ತರಲ್ಲಿ ಒಂದು ತಪ್ಪು, ಕೆಲವರಲ್ಲಿ ಅದೂ ಇಲ್ಲ.

ಎ ಸ್ವರದಿಂದ ಮುಗಿಯುವ ‘ವೆರ್ದೆ’ (ಹಸಿರು), ವ್ಯಂಜನದಿಂದ ಮುಗಿಯುವ ‘ಅಸೂಲ್’ (ನೀಲಿ), ‘ಫೆಲೀಸ್’ (ಸಂತುಷ್ಟ) ಮುಂತಾದವು ಬಂದಾಗ ಹುಡುಗರು ಉತ್ಸಾಹದಿಂದ ‘ವೆರ್ದಾ’ ಎನ್ನತೊಡಗಿದರು. ಅದಕ್ಕೂ ಉತ್ತರ ಕನ್ನಡದಲ್ಲೇ ಸಿಕ್ಕಿತು. ಬುದ್ಧಿವಂತ, ಬುದ್ಧಿವಂತೆ ಎಂದು ನಾವು ಬದಲಿಸುತ್ತೇವೆ. ಆದರೆ ಅವನೂ ಸೋಮಾರಿ, ಅವಳೂ ಸೋಮಾರಿ, ಹಲವರಾದರೆ ಮಾತ್ರ ಸೋಮಾರಿಗಳು. ಲಿಂಗಕ್ಕೆ ಬದಲಾಗದೆ ವಚನಕ್ಕೆ ಮಾತ್ರ ಬದಲಾಗುವ ವಿಶೇಷಣಗಳೆಲ್ಲ ಸೋಮಾರಿ ಸಾಲಿಗೆ: ವೆರ್ದೆಸ್, ಅಸೂಲೆಸ್, ಫೆಲೀಸೆಸ್. ‘ಎಸ್ಪಾನ್ಯೋಲ್’ (ಸ್ಪ್ಯಾನಿಷ್), ‘ಇಂಗ್ಲೇಸ್’ (ಇಂಗ್ಲಿಷ್), ‘ತ್ರಬಾಹದೋರ್’ (ಶ್ರಮಜೀವಿ) ವ್ಯಂಜನದಿಂದ ಮುಗಿದರೂ ಎಸ್ಪಾನ್ಯೋಲಾ, ಇಂಗ್ಲೇಸಾ, ತ್ರಬಾಹದೋರಾ ಆಗುವುದರಿಂದ ಬುದ್ಧಿವಂತ ಸಾಲಿಗೆ. ‘ಮೆಹೋರ್’ (ಹೆಚ್ಚು ಒಳ್ಳೆಯ), ‘ಪೆಯೋರ್’ (ಹೆಚ್ಚು ಕೆಟ್ಟ), ‘ಮಯೋರ್’ (ಹಿರಿಯ), ‘ಮೆನೋರ್’ (ಕಿರಿಯ) ಮತ್ತೆ ಸೋಮಾರಿ ಸಾಲಿಗೆ. ‘ಒಪ್ಟಿಮಿಸ್ತಾ’ (ಆಶಾವಾದಿ) ಕೂಡ ಅಲ್ಲೇ, ಗಂಡಸಾದರೂ ಒಪ್ಟಿಮಿಸ್ತಾ. ಹೊಸ ಪದ ಬಂದ ಕೂಡಲೇ ವಿದ್ಯಾರ್ಥಿಗಳೇ ‘ಯಾವ ಸಾಲು, ಮೇಡಂ?’ ಎಂದು ಕೇಳುವಷ್ಟು ಇದು ನೆಲೆಗೊಂಡಿದೆ.

ಇನ್ನೊಂದು ಬದಲಾವಣೆ ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡದು. ನಾಮಪದವನ್ನು ಅದರ ಮುಂದೆ ಬರುವ ‘ಎಲ್’ (ಪುಲ್ಲಿಂಗ) ಅಥವಾ ‘ಲಾ’ (ಸ್ತ್ರೀಲಿಂಗ) ಸೇರಿಸಿ ಕಲಿಸಬೇಕು ಎಂಬುದು ಎಲ್ಲರೂ ಪಾಲಿಸುವ ಕ್ರಮ. ನಾನು ಅದರ ಜೊತೆಗೆ ವಿಶೇಷಣವನ್ನೂ ಗಂಟು ಹಾಕಿ ಕೊಡುತ್ತೇನೆ, ಏಕೆಂದರೆ ‘ಎಲ್ ಆಗ್ವಾ’ ಎಂದು ಕಲಿತವನು ನೀರು ಪುಲ್ಲಿಂಗವೆಂದೇ ನಂಬುತ್ತಾನೆ. ಅಲ್ಲಿರುವ ‘ಎಲ್’ ಹಳೆಯ ‘ಎಲಾ’ ಎಂಬ ಸ್ತ್ರೀಲಿಂಗ ರೂಪದ ತುಂಡು. ಒತ್ತು ಬಿದ್ದ ‘ಆ’ ಎಂಬ ಸ್ವರದ ಮುಂದೆ ಹಾಗೆ ಉಳಿದುಕೊಂಡಿದೆ, ಅಷ್ಟೆ. ಇಲ್ಲಿ ನಿಜ ಹೇಳುವುದು ವಿಶೇಷಣ: ‘ಎಲ್ ಆಗ್ವಾ ಫ್ರಿಯಾ’ (ತಣ್ಣನೆಯ ನೀರು). ಹಾಗೆಯೇ ಕೊನೆಯ ಸ್ವರ ನೋಡಿದರೆ ಲಿಂಗ ತಪ್ಪುವ ನಾಮಪದಗಳು: ‘ಲಾ ಮಾನೊ ಲಿಂಪಿಯಾ’ (ಶುಚಿಯಾದ ಕೈ), ‘ಎಲ್ ಪ್ರೊಬ್ಲೆಮಾ ಸೇರಿಯೊ’ (ಗಂಭೀರ ಸಮಸ್ಯೆ), ‘ಎಲ್ ದೀಯಾ ಬೊನೀತೊ’ (ಸುಂದರ ದಿನ), ‘ಲಾ ಫೋತೊ ಬೊನೀತಾ’ (ಸುಂದರ ಫೋಟೊ). ಒಂಟಿ ನಾಮಪದ ನನ್ನ ತರಗತಿಯಲ್ಲಿ ಬರುವುದೇ ಇಲ್ಲ. ಮೊದಲ ನಲವತ್ತು ಜೋಡಿಗಳನ್ನು ಯಾವ ಕ್ರಮದಲ್ಲಿ ಕೊಡುತ್ತೇನೆ ಎಂಬುದು ಬಹಳ ಮುಖ್ಯ, ಆದರೆ ಅದನ್ನು ಇಲ್ಲಿ ಬರೆಯುವುದಿಲ್ಲ. ಮೂರು ವರ್ಷ ತಿದ್ದಿ ತಿದ್ದಿ ಮಾಡಿದ ಪಟ್ಟಿ, ನನ್ನ ತರಗತಿ ನಿಂತಿರುವುದೂ ಅದರ ಮೇಲೆಯೇ.

ಈ ದಾರಿ ಕೈಕೊಟ್ಟ ಜಾಗಗಳನ್ನೂ ಹೇಳಬೇಕು. ನಮ್ಮ ‘ಒಳ್ಳೆಯವರು’ ಗಂಡು ಹೆಣ್ಣು ಎರಡಕ್ಕೂ ಒಂದೇ ಆದ್ದರಿಂದ, ಬಹುವಚನಕ್ಕೆ ಬಂದ ಕೂಡಲೇ ‘ಮಿಸ್ ಎರ್ಮಾನಾಸ್ ಸೋನ್ ಆಲ್ತೋಸ್’ (ನನ್ನ ಅಕ್ಕತಂಗಿಯರು ಎತ್ತರ; ಸರಿಯಾದದ್ದು ‘ಆಲ್ತಾಸ್’) ಎಂಬಂಥ ವಾಕ್ಯಗಳು ಶುರುವಾದವು. ಅವನುಗಳು, ಅವಳುಗಳು ಎಂಬ, ಬರಹದಲ್ಲಿ ನಾನು ಎಂದೂ ಬಳಸದ ರೂಪಗಳನ್ನು ತರಗತಿಯ ಮಟ್ಟಿಗೆ ಒಪ್ಪಿಕೊಂಡು ಅದನ್ನು ಸರಿಪಡಿಸಿದೆ. ಗಂಡಸರು ಹೆಂಗಸರು ಬೆರೆತಿದ್ದರೆ ಅವನುಗಳು. ‘ಹೆಂತೆ’ (ಜನ) ಇನ್ನೂ ಕಾಡುತ್ತದೆ. ಕನ್ನಡದಲ್ಲಿ ಜನ ಬಂದರು, ಅಲ್ಲಿ ‘ಲಾ ಹೆಂತೆ’ ಏಕವಚನ ಸ್ತ್ರೀಲಿಂಗ. ‘ಜನ, ಒಳ್ಳೆಯವಳು’ ಎನ್ನಲು ಯಾರ ಬಾಯಿಯೂ ಒಪ್ಪುವುದಿಲ್ಲ. ಆದರೆ ಮಿಕ್ಕುಳಿದಿದ್ದ ‘ಒಳ್ಳೆಯದು’ ವ್ಯರ್ಥವಾಗಲಿಲ್ಲ. ಸ್ಪ್ಯಾನಿಷ್‌ನಲ್ಲಿ ನಪುಂಸಕ ನಾಮಪದವಿಲ್ಲ, ಆದರೆ ‘ಲೊ ಬ್ವೇನೊ’ ಇದೆ, ಅದು ಅಕ್ಷರಶಃ ನಮ್ಮ ‘ಒಳ್ಳೆಯದು’. ಮೊದಲೆಲ್ಲ ಎರಡು ತರಗತಿ ಹಿಡಿಯುತ್ತಿದ್ದ ಆ ಪಾಠ ಈಗ ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ನಾನು ಹೆಂಗಸಾದದ್ದರಿಂದಲೇ ಹುಟ್ಟಿದ ಒಂದು ತಪ್ಪು ಬಹಳ ತಡವಾಗಿ ನನ್ನ ಗಮನಕ್ಕೆ ಬಂತು. ‘ನಾನು ದಣಿದಿದ್ದೇನೆ’ ಎಂಬಲ್ಲಿ ಕನ್ನಡಕ್ಕೆ ಲಿಂಗವಿಲ್ಲ. ನಾನು ‘ಎಸ್ತೊಯ್ ಕನ್ಸಾದಾ’ ಎಂದರೆ, ‘ಕನ್ಸಾದೊ’ ಎನ್ನಬೇಕಾದ ಗಂಡಸರೂ ಅದನ್ನೇ ಕಲಿತರು. ಒಬ್ಬ ವಿದ್ಯಾರ್ಥಿ ಮೆಕ್ಸಿಕೋದ ಗ್ರಾಹಕರ ಜೊತೆಗಿನ ಮೊದಲ ವಿಡಿಯೊ ಕರೆಯಲ್ಲಿ ‘ನಿಮ್ಮ ಪರಿಚಯದಿಂದ ಸಂತೋಷವಾಯಿತು’ ಎನ್ನಲು ಹೆಂಗಸರು ಬಳಸುವ ‘ಎನ್ಕಂತಾದಾ’ ಎಂದು ಪರಿಚಯ ಹೇಳಿಕೊಂಡು ಬಂದ. ಅಂದಿನಿಂದ ಗಂಡಸರ ವಾಕ್ಯಗಳನ್ನು ಸಹೋದ್ಯೋಗಿಯೊಬ್ಬರಿಂದ ಧ್ವನಿಮುದ್ರಿಸಿ ಕೊಡುತ್ತಿದ್ದೇನೆ. ಗಂಟೆಗೆ ಐನೂರರಂತೆ ಒಟ್ಟು ಏಳೆಂಟು ಸಾವಿರ ಖರ್ಚಾಯಿತು, ಕಾರ್ಡುಗಳಿಗೆ ಸುರಿದ ಹಣಕ್ಕಿಂತ ಇದು ಎಷ್ಟೋ ಸಾರ್ಥಕ.

ಮಂಗಳೂರು ಕಡೆಯ ಕೊಂಕಣಿ ಮಾತಾಡುವ ಮೂವರ ಜೊತೆ ಕನ್ನಡವನ್ನು ಬದಿಗಿಟ್ಟು ಒಮ್ಮೆ ಬೇರೆ ಪ್ರಯೋಗ ಮಾಡಿದೆ. ಅವರ ಬರೊ, ಬರಿ, ಬರೆಂ ಹೆಸರಿನ ಮುಂದೆ ನಿಂತೂ ಬದಲಾಗುತ್ತವೆ, ಪುಲ್ಲಿಂಗದ ಕೊನೆಯ ಒ ಸ್ವರವೂ ಸ್ಪ್ಯಾನಿಷ್‌ನಂತೆಯೇ. ಉಳಿದವರಿಗೆ ಎಂಟು ವಾರ ಹಿಡಿದದ್ದು ಅವರಿಗೆ ಮೂರೇ ವಾರದಲ್ಲಿ ಬಂತು.

ಈಗ ಕೈಯಲ್ಲಿರುವ ಕೆಲಸ ಹೆಸರಿನ ಮುಂದೆ ಬರುವ ವಿಶೇಷಣಗಳದ್ದು. ‘ಬ್ವೇನಾ ಅಮೀಗಾ’ (ಒಳ್ಳೆಯ ಗೆಳತಿ) ಎನ್ನಬೇಕಾದಲ್ಲಿ ಪದಗಳ ಕ್ರಮ ಕನ್ನಡದಂತೆಯೇ ಆಗಿಬಿಡುವುದರಿಂದ, ಹಳೆಯ ಅಭ್ಯಾಸ ಎದ್ದು ಬಂದು, ಪುಲ್ಲಿಂಗದ ‘ಬ್ವೇನ್’ ಸೇರಿ ‘ಬ್ವೇನ್ ಅಮೀಗಾ’ ಆಗುತ್ತದೆ. ‘ಗ್ರಾನ್’ ಮಾತ್ರ ಎರಡು ಲಿಂಗಕ್ಕೂ ಒಂದೇ ಆಗಿರುವುದು ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ‘ಊನಾ ಗ್ರಾನ್ ಮುಹೇರ್’ ಎಂದರೆ ಮಹಾನ್ ಮಹಿಳೆ, ‘ಊನಾ ಮುಹೇರ್ ಗ್ರಾಂದೆ’ ಎಂದರೆ ದೊಡ್ಡ ಗಾತ್ರದವಳು ಎಂಬುದನ್ನೂ ಅಲ್ಲೇ ಹೇಳಬೇಕು. ಸದ್ಯಕ್ಕೆ ಇಂಥ ಎಂಟು ಹತ್ತು ವಿಶೇಷಣಗಳನ್ನು ಬೇರ್ಪಡಿಸದೆ ಇಡೀ ನುಡಿಗಟ್ಟಾಗಿಯೇ ಹೇಳಿಸುತ್ತಿದ್ದೇನೆ. ಮುಂದಿನ ಬ್ಯಾಚಿಗೆ ಹನ್ನೊಂದು ಮಂದಿ ಹೆಸರು ಕೊಟ್ಟಿದ್ದಾರೆ, ಅವರ ಎಂಟನೆಯ ವಾರದ ಧ್ವನಿಮುದ್ರಣದಲ್ಲಿ ‘ಬ್ವೇನ್’ ಮತ್ತು ‘ಬ್ವೇನಾ’ ಎರಡನ್ನೂ ಪ್ರತ್ಯೇಕವಾಗಿ ಎಣಿಸಲಿದ್ದೇನೆ.