ಕಂಪ್ಯೂಟರಿಗೆ ದ್ರವದ ತಂಪು: ರೇಡಿಯೇಟರನ್ನು ಎಲ್ಲಿ ಕೂರಿಸಬೇಕು?

ಮನೆಯ ಕಂಪ್ಯೂಟರಿಗೆ ಮೊದಲ ಬಾರಿಗೆ ದ್ರವ ಶೀತಕವನ್ನು, ಎಂದರೆ ಪ್ರೊಸೆಸರಿನ ಬಿಸಿಯನ್ನು ದ್ರವದ ಮೂಲಕ ಸಾಗಿಸುವ ಸಾಧನವನ್ನು, ಅಳವಡಿಸುವವರು, ಕಾರ್ಖಾನೆಯಲ್ಲಿಯೇ ದ್ರವ ತುಂಬಿ ಮುಚ್ಚಿದ, ಪ್ರೊಸೆಸರಿನ ಮೇಲೆ ಕೂರುವ ಪಂಪ್, ಕೊಳವೆ ಮತ್ತು ದ್ರವದ ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರ್ ಒಟ್ಟಾಗಿಯೇ ಬರುವ ಘಟಕವನ್ನು ಕೊಳ್ಳುವುದು ಲೇಸು. ಕೊಳವೆಗಳನ್ನು ತಾವೇ ಕತ್ತರಿಸಿ ಜೋಡಿಸುವ ಬಗೆ ನೋಡಲು ಚೆಂದವೇ ಹೌದು. ಆದರೆ ಆಗಾಗ ದ್ರವ ಬದಲಿಸುವ ತಾಳ್ಮೆಯಿಲ್ಲದವರಿಗೆ ಅದು ಹೇಳಿಸಿದ್ದಲ್ಲ.

ಕೊಳ್ಳುವ ಮೊದಲು ಕ್ಯಾಬಿನೆಟ್ಟಿನ ಒಳಗನ್ನು ಅಳೆದುಕೊಳ್ಳಬೇಕು. 240 ಮಿ.ಮೀ. ರೇಡಿಯೇಟರಿಗೆ 120 ಮಿ.ಮೀ. ಅಳತೆಯ ಎರಡು ಫ್ಯಾನುಗಳು ಕೂರುತ್ತವೆ, 360ಕ್ಕೆ ಮೂರು. ಉದ್ದವನ್ನು ಎಲ್ಲರೂ ನೋಡುತ್ತಾರೆ, ದಪ್ಪವನ್ನು ಮರೆಯುತ್ತಾರೆ: ಸಾಮಾನ್ಯವಾಗಿ ರೇಡಿಯೇಟರ್ 27 ಮಿ.ಮೀ., ಫ್ಯಾನ್ 25 ಮಿ.ಮೀ. ಇರುವುದರಿಂದ ಒಟ್ಟು 52 ಮಿ.ಮೀ. ಜಾಗ ಬೇಕು, ಎತ್ತರದ ರ‍್ಯಾಮ್ ಇದ್ದರೆ ಅದಕ್ಕೂ ತಾಗಬಾರದು.

ಇನ್ನು ರೇಡಿಯೇಟರಿನ ಸ್ಥಾನ. ಮುಚ್ಚಿದ ವ್ಯವಸ್ಥೆಯೆಂದರೂ ಅದರೊಳಗೆ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ಮತ್ತು ವರ್ಷಗಳು ಕಳೆದಂತೆ ಕೊಳವೆಯ ಗೋಡೆಯ ಮೂಲಕ ನೀರು ಆವಿಯಾಗಿ ಹೋದಷ್ಟೂ ಆ ಗಾಳಿ ಹೆಚ್ಚುತ್ತದೆ. ಗಾಳಿ ಸೇರುವುದು ವ್ಯವಸ್ಥೆಯ ಅತಿ ಎತ್ತರದ ಜಾಗದಲ್ಲಿ. ಆ ಜಾಗದಲ್ಲಿ ಪಂಪ್ ಇದ್ದರೆ ಗುಳುಗುಳು ಸದ್ದು ಶುರುವಾಗುತ್ತದೆ, ಹರಿವು ಕುಗ್ಗುತ್ತದೆ, ದ್ರವವೇ ಪಂಪಿನ ಬೇರಿಂಗಿಗೆ ಕೀಲೆಣ್ಣೆಯಂತೆಯೂ ಇರುವುದರಿಂದ ಪಂಪ್ ಬೇಗ ಸವೆಯುತ್ತದೆ. ಆದ್ದರಿಂದ ರೇಡಿಯೇಟರನ್ನು ಕ್ಯಾಬಿನೆಟ್ಟಿನ ಮೇಲ್ಭಾಗದಲ್ಲಿ ಕೂರಿಸುವುದು ಉತ್ತಮ. ಮುಂಭಾಗದಲ್ಲಿ ನಿಲ್ಲಿಸುವುದಾದರೆ ಅದರ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಬೇಕು, ಸಾಧ್ಯವಾದರೆ ಕೊಳವೆಗಳು ಕೆಳತುದಿಯಿಂದ ಹೊರಡಬೇಕು. ತಳದಲ್ಲಂತೂ ಕೂರಿಸಲೇಬಾರದು.

ಹಳೆಯ ಶೀತಕವನ್ನು ತೆಗೆಯುವ ಮುನ್ನ ಕಂಪ್ಯೂಟರನ್ನು ಕೆಲಹೊತ್ತು ನಡೆಸಿ, ಆಫ್ ಮಾಡಿ, ಪ್ಲಗ್ ಕಿತ್ತು, ಪ್ರೊಸೆಸರಿನಿಂದ ಶೀತಕಕ್ಕೆ ಶಾಖ ದಾಟಿಸಲು ನಡುವೆ ಹಚ್ಚಿರುವ ಪೇಸ್ಟ್ ಬೆಚ್ಚಗಿರುವಾಗಲೇ ಮೆಲ್ಲಗೆ ತಿರುಗಿಸಿ ಬಿಡಿಸಬೇಕು. ಎಎಂಡಿ ಪ್ರೊಸೆಸರುಗಳು ಕೂರುವ ಎಎಂ4 ಸಾಕೆಟ್ಟಿನಲ್ಲಿ ನೇರವಾಗಿ ಎಳೆದರೆ ಪ್ರೊಸೆಸರೇ ಕಿತ್ತುಬಂದು ಪಿನ್ನುಗಳು ಬಾಗುವುದುಂಟು. ಉಳಿದ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹೊಸ ಪೇಸ್ಟನ್ನು ಬಟಾಣಿ ಕಾಳಿನಷ್ಟು ಹಾಕಿದರೆ ಸಾಕು. ಘಟಕದ ತಳಕ್ಕೆ ಮೊದಲೇ ಪೇಸ್ಟ್ ಬಳಿದಿದ್ದರೆ ಅದೂ ಬೇಡ. ತಿರುಪುಗಳನ್ನು ಒಂದೇ ಮೂಲೆಯಲ್ಲಿ ಪೂರ್ತಿ ಬಿಗಿಯದೆ, ಎದುರು ಬದುರು ಮೂಲೆಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತ ಬರಬೇಕು.

ಪಂಪಿನ ತಂತಿಯನ್ನು ಮದರ್‌ಬೋರ್ಡಿನಲ್ಲಿ ಪಂಪಿಗೆಂದೇ ಇರುವ ಕನೆಕ್ಟರಿಗೂ, ಫ್ಯಾನುಗಳ ತಂತಿಯನ್ನು ಸಿಪಿಯು (ಪ್ರೊಸೆಸರ್) ಫ್ಯಾನ್ ಕನೆಕ್ಟರಿಗೂ ಸೇರಿಸಿ. ಎರಡನೆಯದು ಖಾಲಿ ಉಳಿದರೆ ಎಷ್ಟೋ ಬೋರ್ಡುಗಳು ಆರಂಭದಲ್ಲೇ ದೋಷವೆಂದು ನಿಲ್ಲುತ್ತವೆ. ಬಯೋಸಿನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗುಗಳಲ್ಲಿ) ಪಂಪ್ ಸದಾ ಪೂರ್ಣ ವೇಗದಲ್ಲಿ ಓಡುವಂತೆ ಹೊಂದಿಸಿ, ಏರಿಳಿತವನ್ನು ಫ್ಯಾನುಗಳಿಗೆ ಬಿಡಿ.

ದ್ರವವು ಕೋಣೆಯ ಗಾಳಿಗಿಂತ ತಂಪಾಗಲಾರದು. ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೇ 38 ಡಿಗ್ರಿ ಇದ್ದರೆ ಪ್ರೊಸೆಸರ್ ಅದಕ್ಕಿಂತ ಬಿಸಿಯಾಗಿಯೇ ಇರುತ್ತದೆ. ಆದರೆ ಹೆಚ್ಚಿನ ಕೆಲಸವಿಲ್ಲದಾಗಲೂ ಉಷ್ಣತೆ ಕೆಲವೇ ನಿಮಿಷಗಳಲ್ಲಿ 90 ದಾಟಿದರೆ ಕೂಡಲೇ ಆಫ್ ಮಾಡಿ. ಪಂಪಿನ ತಂತಿ ಸಡಿಲವಾಗಿರಬಹುದು, ಇಲ್ಲವೇ ತಾಮ್ರದ ತಳಕ್ಕೆ ಅಂಟಿಸಿದ್ದ ಪಾರದರ್ಶಕ ಹಾಳೆಯನ್ನು ಕೀಳಲು ನೀವು ಮರೆತಿರಬಹುದು.