ಪ್ರಯೋಗಪುಟದಲ್ಲಿ ಲಕ್ಕುಂಡಿ

ಕನ್ನಡ ವಿಕಿಪೀಡಿಯ 2003ರಲ್ಲೇ ಶುರುವಾಗಿತ್ತು. ನಾನು ಖಾತೆ ತೆರೆದದ್ದು ಗದಗಿನ ಹೈಸ್ಕೂಲಿನಿಂದ ನಿವೃತ್ತನಾದ ಮೇಲೆ. ಅಣ್ಣನ ಮಗಳು ಒಂದೇ ಮಾತು ಹೇಳಿದಳು: "ಕಾಕಾ, ಮೊದಲ ಪ್ರಯೋಗಪುಟದಾಗ ಬರೀರಿ. ಅಲ್ಲಿ ಏನ ಕೆಟ್ಟರೂ ಯಾವ ಲೇಖನಕ್ಕೂ ಧಕ್ಕಿ ಇಲ್ಲ." ಖಾತೆ ಇದ್ದವರಿಗೆಲ್ಲ ಅಂಥದೊಂದು ಪುಟ ಸಿಗುತ್ತದೆ. ಹತ್ತು ದಿನ ನಾನು ಅದನ್ನು ಬಿಟ್ಟು ಹೊರಗೆ ಬರಲಿಲ್ಲ.

ಬರೆಯಲು ಆರಿಸಿಕೊಂಡದ್ದು ಲಕ್ಕುಂಡಿ. ಮಕ್ಕಳನ್ನು ಎಷ್ಟೋ ಸಲ ಕರೆದುಕೊಂಡು ಹೋದ ಊರು, ವಿಷಯಕ್ಕೆ ತಡಕಾಡಬೇಕಿರಲಿಲ್ಲ. ಗೊತ್ತಿದ್ದ ವಿಷಯವನ್ನೇ ಹಿಡಿದರೆ ಗಮನವೆಲ್ಲ ದಪ್ಪ ಅಕ್ಷರ, ಕೊಂಡಿ ಮೂಡಿಸುವ ವಿಕಿ ಚಿಹ್ನೆಗಳ ಮೇಲೆ ನಿಲ್ಲುತ್ತದೆ.

ಮೊದಲ ತೊಡಕು ಕೀಲಿಮಣೆಯಲ್ಲಿ ಎದುರಾಯಿತು. ನನ್ನದು ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿ ವಿನ್ಯಾಸ. ಅದರಲ್ಲಿ ಚೌಕ ಆವರಣದ ಕೀಲಿ ಒತ್ತಿದರೆ 'ಡ' ಬರುತ್ತದೆ, ಒಂಟಿ ಉದ್ಧರಣ ಚಿಹ್ನೆಯ ಕೀಲಿ ಒತ್ತಿದರೆ 'ಟ'. ಬೇರೆ ಪುಟಕ್ಕೆ ಒಯ್ಯುವ ಕೊಂಡಿಗೆ ಹೆಸರಿನ ಎರಡೂ ಬದಿ ಎರಡೆರಡು ಚೌಕ ಆವರಣ ಬೇಕು; ಹಾಕಲು ಹೋದರೆ 'ಡಡಗದಗ' ಎಂದು ಮೂಡಿತು. ಕಂಟ್ರೋಲ್ ಮತ್ತು ಎಮ್ ಒಟ್ಟಿಗೆ ಒತ್ತಿ ಇಂಗ್ಲಿಷಿಗೆ ಹೋಗಿ, ಚಿಹ್ನೆ ಹಾಕಿ, ಮತ್ತೆ ಕನ್ನಡಕ್ಕೆ ಬರುವುದು ಬೆರಳಿಗೆ ರೂಢಿಯಾಗಲು ಎರಡು ದಿನ ಹಿಡಿಯಿತು.

ಎರಡನೆಯದು ನನ್ನ ಹಳೆಯ ಅಭ್ಯಾಸ. ಕಾಗದದ ಮೇಲೆ ಹೊಸ ಪರಿಚ್ಛೇದ ಬರೆಯುವಾಗ ಮೊದಲ ಸಾಲಿನ ಮುಂದೆ ಒಂದಿಷ್ಟು ಜಾಗ ಬಿಡುತ್ತೇವಲ್ಲ, ಇಲ್ಲಿಯೂ ಹಾಗೇ ಬಿಟ್ಟೆ. ಮುನ್ನೋಟದಲ್ಲಿ ಆ ಸಾಲು ಬೂದು ಪೆಟ್ಟಿಗೆಯೊಳಗೆ ಸೇರಿ, ಮಡಚಿಕೊಳ್ಳದೆ ಪರದೆಯ ಆಚೆಗೆ ಓಡಿತ್ತು. ಸಾಲಿನ ಆರಂಭದಲ್ಲಿ ಒಂದೇ ಒಂದು ಖಾಲಿ ಜಾಗವಿದ್ದರೂ ವಿಕಿ ಹೀಗೆ ಮಾಡುತ್ತದೆ. ಪರಿಚ್ಛೇದ ಬೇರೆಯಾಗಲು ನಡುವೆ ಒಂದು ಖಾಲಿ ಸಾಲು ಬಿಡಬೇಕು; ಎಂಟರ್ ಒಮ್ಮೆ ಒತ್ತಿದರೆ ಎರಡೂ ಕೂಡಿಯೇ ಇರುತ್ತವೆ.

ದಪ್ಪ ಅಕ್ಷರಕ್ಕೆ ಎರಡೂ ಬದಿ ಮೂರು ಮೂರು ಒಂಟಿ ಉದ್ಧರಣ ಚಿಹ್ನೆ, ಓರೆಗೆ ಎರಡೆರಡು, ಶೀರ್ಷಿಕೆಗೆ ಎರಡೆರಡು ಸಮ ಚಿಹ್ನೆ. ಇವು ಬೇಗ ಬಂದವು.

ಕನ್ನಡಿಗರು ನಿಜಕ್ಕೂ ಕೂತು ಕಲಿಯಬೇಕಾದದ್ದು ಕೊಂಡಿ. ನಮ್ಮ ಹೆಸರುಗಳು ವಿಭಕ್ತಿ ಇಲ್ಲದೆ ವಾಕ್ಯದಲ್ಲಿ ನಿಲ್ಲುವುದೇ ಅಪರೂಪ. [[ಗದಗ]] ಎಂದರೆ ಕೊಂಡಿ ನೀಲಿ, ಆ ಪುಟ ಇದೆ. [[ಗದಗಿನಿಂದ]] ಎಂದರೆ ಕೆಂಪು, ಯಾಕೆಂದರೆ ಆ ಹೆಸರಿನ ಪುಟವೇ ಇಲ್ಲ. ನಡುವೆ ಒಂದು ನಿಲುಗೆರೆ ಹಾಕಿ [[ಗದಗ|ಗದಗಿನಿಂದ]] ಎಂದು ಬರೆಯಬೇಕು. ಎಡಕ್ಕೆ ಪುಟದ ಹೆಸರು, ಬಲಕ್ಕೆ ಓದುಗರಿಗೆ ಕಾಣುವ ಮಾತು. 'ಗದುಗಿನ ವೀರನಾರಾಯಣ' ಎಂಬ ಹಳೆಯ ರೂಪವನ್ನೂ ಹೀಗೆಯೇ ಉಳಿಸಿಕೊಂಡೆ: [[ಗದಗ|ಗದುಗಿನ]]. ಕೊಂಡಿಗೆ ಹೊಂದಲಿ ಎಂದು ವಾಕ್ಯವನ್ನೇ ತಿರುಚಿದ ಬರಹ ನೋಡಿದರೆ ನನಗೆ ಸಂಕಟವಾಗುತ್ತದೆ. ಒಂದು ಗೆರೆಯಿಂದ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ.

ಕೊನೆಗೆ ಉಲ್ಲೇಖ. ಲಕ್ಕುಂಡಿಯ ಜೈನ ಬಸದಿ ಬ್ರಹ್ಮ ಜಿನಾಲಯವನ್ನು ಅತ್ತಿಮಬ್ಬೆ ಕಟ್ಟಿಸಿದಳು ಎಂದು ಬರೆದು, 1007ರ ಶಾಸನದ ಪ್ರಸ್ತಾಪವಿದ್ದ ಪುಸ್ತಕದ ಹೆಸರನ್ನು, ಪುಟಸಂಖ್ಯೆಯನ್ನು ಉಲ್ಲೇಖಕ್ಕೆಂದೇ ಇರುವ <ref> ಮತ್ತು </ref> ಎಂಬ ಟ್ಯಾಗುಗಳ ನಡುವೆ ಕೊಟ್ಟೆ. ಮುಚ್ಚುವ ಟ್ಯಾಗಿನ ಓರೆಗೆರೆ ಬಿಟ್ಟುಹೋಗಿತ್ತು. ಪುಟದಲ್ಲಿ ಕೆಂಪು ಅಕ್ಷರದ ದೋಷ ಸೂಚನೆ ಬಂತು. ಅಂದಿನಿಂದ ತೆರೆಯುವ, ಮುಚ್ಚುವ ಎರಡೂ ಟ್ಯಾಗ್ ಮೊದಲು ಹಾಕಿ, ಆಮೇಲೆ ನಡುವೆ ಬರೆಯುತ್ತೇನೆ.

ಹನ್ನೊಂದನೆಯ ದಿನ ಎರಡು ವಾಕ್ಯಗಳನ್ನು ಲೇಖನಕ್ಕೆ ಸೇರಿಸಿ, ಸಾರಾಂಶದಲ್ಲಿ 'ಉಲ್ಲೇಖ ಸೇರಿಸಿದೆ' ಎಂದು ಬರೆದು ಪ್ರಕಟಿಸಿದೆ. ಲೇಖನದ ಬದಲಾವಣೆಗಳೆಲ್ಲ ದಾಖಲಾಗುವ ಇತಿಹಾಸದ ಪುಟದಲ್ಲಿ ನನ್ನ ಹೆಸರು, ವೇಳೆ ಕಂಡಿತು. ತಪ್ಪಿದ್ದರೆ ಹಿಂದಿನ ರೂಪಕ್ಕೆ ಮರಳಿಸಬಹುದು ಎಂಬ ಧೈರ್ಯವೂ ಬಂತು. ಈಗ ಪ್ರಯೋಗಪುಟದಲ್ಲಿ ಗದಗಿನ ತ್ರಿಕೂಟೇಶ್ವರ ಗುಡಿ ಇದೆ. ಇನ್ನೂ ನಾಲ್ಕು ಕೆಂಪು ಕೊಂಡಿಗಳಿಗೆ ನಿಲುಗೆರೆ ಹಾಕುವುದು ಬಾಕಿ.