ಗುಂಡನಿಗೆ ಉಚ್ಚೆ ಕಟ್ಟಿದ ರಾತ್ರಿ, ಆಮೇಲೆ ನಾವು ಮಾಡಿದ್ದು

ನಮ್ಮ ಗುಂಡನಿಗೆ ಆಗ ನಾಲ್ಕು ವರ್ಷ. ಗಂಡು ಬೆಕ್ಕು. ಮರಿ ಆಗದ ಹಾಗೆ ಆಪರೇಷನ್ ಆಗಿತ್ತು, ಮನೆಯೊಳಗೇ ಇರುತ್ತಿದ್ದ, ಐದೂವರೆ ಕೆಜಿ ತೂಗುತ್ತಿದ್ದ, ಊಟ ಅಂದರೆ ಮೂರು ಹೊತ್ತೂ ಡ್ರೈ ಫುಡ್, ಅಂದರೆ ಪ್ಯಾಕೆಟ್‌ನ ಒಣ ಕಾಳು. ಇಂಥ ಬೆಕ್ಕಿಗೇ ಉಚ್ಚೆಯ ತೊಂದರೆ ಜಾಸ್ತಿ ಬರುತ್ತದೆ ಅಂತ ಆಮೇಲೆ ಡಾಕ್ಟರ್ ಹೇಳಿದರು. ಅಲ್ಲಿಯವರೆಗೆ ನನಗೆ ಇದರ ಗಂಧವೂ ಗೊತ್ತಿರಲಿಲ್ಲ.

ಅವತ್ತು ಸಂಜೆ ಅವನು ಲಿಟರ್ ಬಾಕ್ಸ್‌ಗೆ (ಬೆಕ್ಕು ಉಚ್ಚೆ, ಕಕ್ಕ ಮಾಡುವ ಮರಳಿನ ತಟ್ಟೆ) ಹೋಗಿ ಕೂತ. ಎದ್ದ, ಮರಳು ಕೆದಕಿದ, ಮತ್ತೆ ಕೂತ. ಹೊರಗೆ ಬಂದು ಹಿಂದಿನ ಕಾಲಿನ ನಡುವೆ ನೆಕ್ಕಿಕೊಂಡ, ಎರಡು ನಿಮಿಷಕ್ಕೆ ಮತ್ತೆ ಒಳಗೆ. ಅಮ್ಮ ನೋಡಿ, "ಹೊಟ್ಟೆ ಕಟ್ಟಿರಬೇಕು ಕಣೇ, ಬೆಳಿಗ್ಗೆ ಹೊತ್ತಿಗೆ ಸರಿಹೋಗುತ್ತೆ" ಅಂದರು. ನನಗೂ ಹಾಗೇ ಅನ್ನಿಸಿತು. ನೋಡುವುದಕ್ಕೆ ಎರಡೂ ಒಂದೇ ಥರ ಕಾಣುತ್ತದೆ, ಮುಕ್ಕರಿಯುವುದು ಮುಕ್ಕರಿಯುವುದೇ ಅಲ್ವಾ?

ಒಂಬತ್ತು ಗಂಟೆ ಹೊತ್ತಿಗೆ ನಾನು ಬಾಕ್ಸ್ ಪಕ್ಕದಲ್ಲೇ ನೆಲದ ಮೇಲೆ ಕೂತು ನೋಡಿದೆ. ಬೆನ್ನು ಸ್ವಲ್ಪ ಎತ್ತಿ ಕೂತಿದ್ದ, ಬಾಲದ ತುದಿ ನಡುಗುತ್ತಿತ್ತು, ಕಣ್ಣು ಅಗಲವಾಗಿ ಗೋಡೆಯನ್ನೇ ನೋಡುತ್ತಿತ್ತು. ಗಂಟಲ ಆಳದಿಂದ ಒಂದು ಸಣ್ಣ, ಉದ್ದ ದನಿ ಬಂತು. ನಾಲ್ಕು ವರ್ಷದಲ್ಲಿ ಅವನು ಆ ದನಿ ತೆಗೆದಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವನು ಎದ್ದು ಹೋದ ಮೇಲೆ ಮರಳನ್ನೆಲ್ಲಾ ಸರಿಸಿ ನೋಡಿದರೆ ಉಚ್ಚೆಗೆ ಮರಳು ಅಂಟಿದ ಒಂದು ಉಂಡೆಯೂ ಇಲ್ಲ. ಅವನ ಹಿಂಭಾಗಕ್ಕೆ ಬಿಳಿ ಟಿಶ್ಯೂ ಒತ್ತಿದೆ. ಗುಂಡುಸೂಜಿಯ ತಲೆಯಷ್ಟು ಗುಲಾಬಿ ಚುಕ್ಕೆ ಬಂತು, ಅಷ್ಟೇ.

ಹನ್ನೊಂದಕ್ಕೆ ನೊರೆ ನೊರೆ ವಾಂತಿ ಮಾಡಿ ಮಂಚದ ಕೆಳಗೆ ಸೇರಿಕೊಂಡ. ಆಗ ರಾತ್ರಿ ತೆರೆದಿರುವ ಪ್ರಾಣಿ ಆಸ್ಪತ್ರೆಗೆ ಫೋನ್ ಮಾಡಿದೆ. ನಾನು ಇನ್ನೂ ಹೇಳುತ್ತಾ ಇದ್ದೆ, ಆ ಕಡೆಯಿಂದ ಡಾಕ್ಟರ್ ಮಧ್ಯೆ ತಡೆದು ಒಂದೇ ಪ್ರಶ್ನೆ ಕೇಳಿದರು. "ಗಂಡಾ, ಹೆಣ್ಣಾ?" ಗಂಡು ಅಂದೆ. "ಬೆಳಿಗ್ಗೆವರೆಗೆ ಕಾಯಬೇಡಿ, ಈಗಲೇ ಕರೆದುಕೊಂಡು ಬನ್ನಿ."

ಆ ಪ್ರಶ್ನೆಯ ಅರ್ಥ ಈಗ ಗೊತ್ತು. ಗಂಡು ಬೆಕ್ಕಿನ ಮೂತ್ರನಾಳ ಉದ್ದ, ತುದಿಗೆ ಹೋದಂತೆ ತುಂಬಾ ಸಣ್ಣ. ಮೂತ್ರಚೀಲದ ಒಳಪದರ ಊದಿಕೊಂಡು ಲೋಳೆ ಬಿಟ್ಟು, ಅದರ ಜೊತೆ ಮರಳಿನಂಥ ಹರಳು ಸೇರಿ ಒಂದು ಚಿಕ್ಕ ಬಿರಡೆ ಆಗಿಬಿಟ್ಟರೆ ಸಾಕು, ದಾರಿ ಪೂರ್ತಿ ಮುಚ್ಚುತ್ತದೆ. ಹೆಣ್ಣು ಬೆಕ್ಕಿಗೂ ಉರಿ, ರಕ್ತ ಎಲ್ಲಾ ಬರುತ್ತದೆ, ಆದರೆ ನಾಳ ಅಗಲವಾಗಿರುವುದರಿಂದ ಪೂರ್ತಿ ಕಟ್ಟುವುದು ಅಪರೂಪ. ಕಟ್ಟಿದರೆ ಹೊರಗೆ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಏರುತ್ತಾ ಹೋಗುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ, ಕೊನೆಗೆ ಹೃದಯದ ಬಡಿತವೇ ತಪ್ಪುತ್ತದೆ. ಪೂರ್ತಿ ಕಟ್ಟಿದ ಬೆಕ್ಕು ಒಂದೆರಡು ದಿನದಲ್ಲಿ ಸಾಯಬಹುದು. ನಾವು "ಬೆಳಿಗ್ಗೆ ನೋಡೋಣ" ಅಂದುಕೊಂಡಿದ್ದ ಕಾಯಿಲೆ ಇದು.

ಆಸ್ಪತ್ರೆಯಲ್ಲಿ ಡಾಕ್ಟರ್ ಹೊಟ್ಟೆ ಮುಟ್ಟಿದ ತಕ್ಷಣ ಹೇಳಿದರು, ಮೂತ್ರಚೀಲ ಕಲ್ಲಿನ ಹಾಗಾಗಿದೆ ಅಂತ. (ಮನೆಯಲ್ಲಿ ಒತ್ತಿ ನೋಡಲು ಹೋಗಬೇಡಿ, ಅದು ಒಡೆಯುವ ಅಪಾಯ ಇದೆ.) ಮೊದಲು ರಕ್ತ ತೆಗೆದು ಪೊಟ್ಯಾಸಿಯಂ ನೋಡಿದರು, ಇಸಿಜಿ ಹಾಕಿದರು, ಡ್ರಿಪ್ ಶುರು ಮಾಡಿದರು. ಆಮೇಲೆ ಅರಿವಳಿಕೆ ಕೊಟ್ಟು, ಸಲೈನ್ ಹಾಯಿಸುತ್ತಾ ಕ್ಯಾಥೆಟರ್ ಅನ್ನುವ ಸಣ್ಣ ಕೊಳವೆ ತೂರಿಸಿ ದಾರಿ ಬಿಡಿಸಿದರು. ಮೊದಲು ಬಂದ ಉಚ್ಚೆ ಕಡು ಕೆಂಪಗಿತ್ತು. ಎರಡು ದಿನ ಕ್ಯಾಥೆಟರ್ ಹಾಗೇ ಇತ್ತು, ಮೂರನೇ ದಿನ ತೆಗೆದು, ಅವನು ತಾನಾಗೇ ಹೊಯ್ದಿದ್ದನ್ನು ನೋಡಿಯೇ ಮನೆಗೆ ಕಳಿಸಿದರು. ಕಟ್ಟು ಬಿಟ್ಟ ಮೇಲೆ ದೇಹ ಒಂದೇ ಸಮ ಉಚ್ಚೆ ಸುರಿಸುತ್ತದಂತೆ. ಅಷ್ಟು ನೀರನ್ನು ಡ್ರಿಪ್‌ನಲ್ಲಿ ವಾಪಸ್ ತುಂಬದಿದ್ದರೆ ಅದೂ ಕಷ್ಟವೇ. ಹಾಗಾಗಿ ಒಂದೇ ದಿನಕ್ಕೆ ಬಿಡಿಸಿಕೊಂಡು ಬರಲು ಅವಸರ ಮಾಡಬಾರದು.

ಇಲ್ಲಿ ಒಂದು ಹಿಂದಿನ ಮಾತು ಹೇಳಲೇಬೇಕು. ಇದಕ್ಕೆ ಮೂರು ವಾರ ಮುಂಚೆ ಅವನು ಬಚ್ಚಲ ಮುಂದಿನ ಕಾಲೊರೆಸುವ ಬಟ್ಟೆ ಮೇಲೆ ಹೊಯ್ದಿದ್ದ. ಸ್ವಲ್ಪ ಗುಲಾಬಿ ಬಣ್ಣವಿತ್ತು. ನಾನು ಬೈದಿದ್ದೆ. ಅದು ಈಗಲೂ ಚುಚ್ಚುತ್ತದೆ. ನೋವಾದ ಬೆಕ್ಕಿಗೆ ಬಾಕ್ಸ್ ಅಂದರೇ ನೋವು ಅಂತ ತಲೆಯಲ್ಲಿ ಕೂರುತ್ತದೆ, ಅದಕ್ಕೇ ತಣ್ಣಗಿನ ನೆಲ, ಮೆತ್ತನೆ ಬಟ್ಟೆ ಹುಡುಕುತ್ತದೆ. ಆಗ ಒಂದು ಕ್ಲಿನಿಕ್‌ಗೆ ತೋರಿಸಿದ್ದೆ. ಉಚ್ಚೆ ಪರೀಕ್ಷೆಯನ್ನೇ ಮಾಡದೆ ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟರು. ಐದು ದಿನಕ್ಕೆ ಗುಣವಾಯಿತು, ಔಷಧಿ ಕೆಲಸ ಮಾಡಿತು ಅಂದುಕೊಂಡೆ. ಆದರೆ ಹತ್ತು ವರ್ಷದೊಳಗಿನ ಬೆಕ್ಕುಗಳಲ್ಲಿ ಬ್ಯಾಕ್ಟೀರಿಯಾದಿಂದ ಉಚ್ಚೆಯ ತೊಂದರೆ ಬರುವುದು ಕಡಿಮೆ. ವಯಸ್ಸಾದ ಬೆಕ್ಕು, ಕಿಡ್ನಿ ಕಾಯಿಲೆ ಅಥವಾ ಸಕ್ಕರೆ ಕಾಯಿಲೆ ಇರುವ ಬೆಕ್ಕಿನ ಮಾತು ಬೇರೆ. ಸಣ್ಣ ವಯಸ್ಸಿನಲ್ಲಿ ಹೆಚ್ಚಾಗಿ ಕಾಣುವುದು ಸೋಂಕೇ ಇಲ್ಲದೆ ಮೂತ್ರಚೀಲ ಊದಿಕೊಳ್ಳುವುದು. ಅದಕ್ಕೆ ಇಡಿಯೋಪ್ಯಾಥಿಕ್ ಸಿಸ್ಟೈಟಿಸ್ ಅನ್ನುತ್ತಾರೆ. ಅದು ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗೇ ಇಳಿಯುತ್ತದೆ, ಹೆಸರು ಮಾತ್ರ ಇಂಜೆಕ್ಷನ್‌ಗೆ ಹೋಗುತ್ತದೆ! ಮೂಲ ಹಾಗೇ ಉಳಿಯುತ್ತದೆ. ನಿಮ್ಮ ಬೆಕ್ಕಿಗೆ ಹೀಗಾದರೆ ಉಚ್ಚೆ ಪರೀಕ್ಷೆ ಕೇಳಿ ಮಾಡಿಸಿ, ದಾಕ್ಷಿಣ್ಯ ಬೇಡ.

ಗುಂಡನ ಉಚ್ಚೆಯಲ್ಲಿ ಸ್ಟ್ರುವೈಟ್ ಅನ್ನುವ ಬಗೆಯ ಹರಳು ಸಿಕ್ಕಿತು. ಎಕ್ಸ್‌ರೇ, ಸ್ಕ್ಯಾನ್ ಎರಡರಲ್ಲೂ ಕಲ್ಲು ಕಾಣಲಿಲ್ಲ. ಹರಳು ಆರೋಗ್ಯವಾಗಿರುವ ಬೆಕ್ಕಿನಲ್ಲೂ ಇರುತ್ತದೆ, ಅದೊಂದೇ ಕಾಯಿಲೆಯಲ್ಲ ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಸ್ಟ್ರುವೈಟ್ ಅನ್ನು ಅದಕ್ಕೇ ಮಾಡಿದ ಆಹಾರದಿಂದ ಕರಗಿಸಬಹುದು. ಇನ್ನೊಂದು ಬಗೆಯ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಯಾವ ಆಹಾರಕ್ಕೂ ಕರಗುವುದಿಲ್ಲ. ಯಾವುದು ಅಂತ ಗೊತ್ತಾಗದೆ "ಯೂರಿನರಿ" ಅಂತ ಬರೆದ ಪ್ಯಾಕೆಟ್ ಸುಮ್ನೆ ತಂದು ಹಾಕಿದರೆ ಪ್ರಯೋಜನ ಇಲ್ಲ.

ಮನೆಗೆ ಬಂದ ಮೇಲಿನ ಮೊದಲ ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಮತ್ತೆ ಕಟ್ಟುವ ಭಯ ಆ ದಿನಗಳಲ್ಲೇ ಜಾಸ್ತಿ. ಮಾಡಿದ ಮೊದಲ ಕೆಲಸ ಅಂದರೆ, ಹೊಯ್ದ ಕಡೆ ಗಟ್ಟಿಯಾಗಿ ಉಂಡೆ ಕಟ್ಟುವ, ವಾಸನೆ ಹಾಕದ ಮರಳು ತಂದೆ. ದಿನಕ್ಕೆ ಎರಡು ಸಲ ಸೋಸಿ, ಉಂಡೆ ಎಷ್ಟು, ಯಾವ ಗಾತ್ರ ಅಂತ ಫೋನಿನಲ್ಲಿ ಬರೆದಿಟ್ಟೆ. ಅವನ ಲೆಕ್ಕ ದಿನಕ್ಕೆ ಎರಡರಿಂದ ನಾಲ್ಕು, ಒಂದೊಂದೂ ದೊಡ್ಡ ನಿಂಬೆಹಣ್ಣಿಗಿಂತ ಕಡಿಮೆ ಇರುವುದಿಲ್ಲ. ಗೋಲಿ ಗಾತ್ರದ ಉಂಡೆ ಐದಾರು ಕಂಡರೆ ಉರಿ ಶುರುವಾಗಿದೆ ಅಂತ. ಬಾಕ್ಸ್‌ಗೆ ಹೋಗುತ್ತಾ ಇದ್ದಾನೆ, ಉಂಡೆಯೇ ಇಲ್ಲ ಅಂದರೆ ಕಟ್ಟಿದೆ ಅಂತಲೇ ತಿಳಿದು ಓಡಬೇಕು, ಹೊಟ್ಟೆ ಕಟ್ಟಿದೆಯೋ ಉಚ್ಚೆ ಕಟ್ಟಿದೆಯೋ ಅಂತ ಮನೆಯಲ್ಲಿ ಚರ್ಚೆ ಮಾಡುತ್ತಾ ಕೂರುವ ಹೊತ್ತು ಅದಲ್ಲ. ನಾಲ್ಕನೇ ದಿನ ಬೆಳಿಗ್ಗೆ ಒಂದೂ ಉಂಡೆ ಕಾಣದೆ ಓಡಿದೆ. ಡಾಕ್ಟರ್ ಮುಟ್ಟಿ ನೋಡಿ ಮೂತ್ರಚೀಲ ಮೆತ್ತಗೆ, ಚಿಕ್ಕದಾಗಿದೆ ಅಂದರು. ಮನೆಗೆ ಬಂದು ನೋಡಿದರೆ ಸೋಫಾ ಹಿಂದೆ ಹೊಯ್ದಿದ್ದ. ಹಾಗೆ ಓಡಿದ್ದಕ್ಕೆ ನನಗೇನೂ ಬೇಜಾರಿಲ್ಲ.

ನೋವಿನ ಮಾತ್ರೆ, ನಾಳದ ಬಿಗಿ ಸಡಿಲಿಸುವ ಮಾತ್ರೆ ಎರಡನ್ನೂ ಅವರು ಬರೆದಷ್ಟೇ ಕೊಟ್ಟೆ. ಮನುಷ್ಯರ ನೋವಿನ ಮಾತ್ರೆ ಯಾವತ್ತೂ ಮುಟ್ಟಿಸಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಪ್ರಾಣ ತೆಗೆಯಬಹುದು.

ಇನ್ನು ನೀರು. ನನ್ನ ಪ್ರಕಾರ ಅರ್ಧ ಔಷಧಿ ಇದೇ. ಡ್ರೈ ಫುಡ್‌ನಲ್ಲಿ ನೀರು ಶೇಕಡಾ 10ರ ಆಸುಪಾಸು, ವೆಟ್ ಫುಡ್‌ನಲ್ಲಿ 75ರಿಂದ 80. ಬೆಕ್ಕು ಬಾಯಾರಿಕೆಗೆ ಅಷ್ಟಾಗಿ ಕುಡಿಯುವ ಪ್ರಾಣಿಯಲ್ಲ. ಹಾಗಾಗಿ ನೀರು ಊಟದಲ್ಲೇ ಹೋಗಬೇಕು. ಹತ್ತು ದಿನದಲ್ಲಿ ಬದಲಾಯಿಸಬಹುದು ಅಂತ ಹೇಳಿದ್ದರು, ಗುಂಡ ಆರು ವಾರ ತೆಗೆದುಕೊಂಡ. ಮೊದಲ ದಿನ ವೆಟ್ ಫುಡ್ ಮೂಸಿ, ಮಣ್ಣು ಮುಚ್ಚುವ ಹಾಗೆ ತಟ್ಟೆ ಸುತ್ತ ನೆಲ ಕೆದಕಿ ಹೋದ. ನಾನು ಮಾಡಿದ್ದು ಇಷ್ಟು: ಇಡೀ ದಿನ ತಟ್ಟೆಯಲ್ಲಿ ಕಾಳು ತುಂಬಿಡುವುದನ್ನು ನಿಲ್ಲಿಸಿದೆ, ಹೊತ್ತು ಹೊತ್ತಿಗೆ ಕೊಟ್ಟೆ, ಹಸಿವಿನಲ್ಲಿ ಬಂದಾಗ ಹಳೆ ಕಾಳಿನ ಪಕ್ಕ ಅರ್ಧ ಚಮಚ ವೆಟ್ ಫುಡ್ ಇಟ್ಟೆ, ಅದೂ ಉಗುರು ಬೆಚ್ಚಗೆ ಮಾಡಿ, ಯಾಕೆಂದರೆ ಫ್ರಿಜ್‌ನಿಂದ ತೆಗೆದ ತಣ್ಣನೆಯದಕ್ಕೆ ವಾಸನೆಯೇ ಇರುವುದಿಲ್ಲ. ಎರಡನೇ ವಾರ ನೆಕ್ಕಿದ. ಮೂರನೇ ವಾರದಿಂದ ಅದಕ್ಕೆ ಒಂದು ಚಮಚ ನೀರು ಬೆರೆಸಿದೆ, ಈಗ ಮೂರು ಚಮಚ. ಹಟಕ್ಕೆ ಬಿದ್ದು ಉಪವಾಸ ಮಾತ್ರ ಕೆಡವಬೇಡಿ, ದಪ್ಪ ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಇನ್ನೊಂದು ದೊಡ್ಡ ಕಾಯಿಲೆ ಬರಬಹುದು.

ನೀರಿನ ಬಟ್ಟಲನ್ನು ಊಟದ ತಟ್ಟೆಯಿಂದ ದೂರ ಇಟ್ಟೆ, ಮೀಸೆ ತಾಗದಷ್ಟು ಅಗಲದ್ದು, ಮೂರು ಕಡೆ. ಮೋಟಾರಿನ ಕಾರಂಜಿಯನ್ನೂ ತಂದೆ, ಅದರ ಕಡೆ ಅವನು ತಿರುಗಿಯೂ ನೋಡಲಿಲ್ಲ. ಕಿಟಕಿ ಹತ್ತಿರದ ಗಾಜಿನ ಬಟ್ಟಲೇ ಅವನಿಗೆ ಇಷ್ಟ.

ಫಲಿತಾಂಶ ಕಣ್ಣಿಗೆ ಕಾಣಬೇಕಲ್ಲ, ಅದಕ್ಕೆ ಉಚ್ಚೆಯ ಸಾಂದ್ರತೆ (ನೀರನ್ನು 1 ಅಂತ ಇಟ್ಟುಕೊಂಡರೆ ಉಚ್ಚೆ ಎಷ್ಟು ಗಟ್ಟಿ ಅನ್ನುವ ಅಂಕಿ) ನೋಡಿಸುತ್ತಾ ಬಂದೆವು. ಮೊದಲು 1.052 ಇತ್ತು, ಎರಡು ತಿಂಗಳಿಗೆ 1.029. 1.035ರ ಒಳಗಿದ್ದರೆ ಒಳ್ಳೆಯದು ಅಂತ ಡಾಕ್ಟರ್ ಗುರಿ ಕೊಟ್ಟಿದ್ದರು. ಮನೆಯಲ್ಲೇ ಉಚ್ಚೆ ಹಿಡಿಯಲು ತೊಳೆದ ಬಾಕ್ಸ್‌ನಲ್ಲಿ ನೀರು ಹೀರದ ಪ್ಲಾಸ್ಟಿಕ್ ಮಣಿ ಹಾಕಿ, ತಳದಲ್ಲಿ ನಿಂತಿದ್ದನ್ನು ಸಿರಿಂಜ್‌ನಲ್ಲಿ ಎಳೆದುಕೊಳ್ಳುತ್ತೇನೆ. ತಡ ಮಾಡದೆ ತಲುಪಿಸಬೇಕು, ಫ್ರಿಜ್‌ನಲ್ಲಿಟ್ಟು ತಣ್ಣಗಾದರೆ ಬಾಟಲಿಯಲ್ಲೇ ಹೊಸದಾಗಿ ಹರಳು ಕಟ್ಟಿ ಲೆಕ್ಕ ತಪ್ಪುತ್ತದೆ.

ಕೊನೆಗೆ ಮನಸ್ಸಿನ ಒತ್ತಡ. ಇದನ್ನು ನಾನು ಮೊದಮೊದಲು ನಂಬಿರಲಿಲ್ಲ. ಆದರೆ ಯೋಚನೆ ಮಾಡಿದರೆ, ಅವನ ಬಾಕ್ಸ್ ಇದ್ದಿದ್ದು ವಾಷಿಂಗ್ ಮೆಷಿನ್ ಪಕ್ಕ. ಅವನು ಕೂತಾಗಲೇ ಅದು ಗಡಗಡ ಅಂತ ತಿರುಗುತ್ತಿತ್ತು. ಮೇಲಾಗಿ ಆ ತಿಂಗಳು ಒಂದು ಹೊರಗಿನ ಗಂಡು ಬೆಕ್ಕು ದಿನಾ ಸಂಜೆ ಬಂದು ನಮ್ಮ ಗಾಜಿನ ಬಾಗಿಲ ಆಚೆ ಕೂರುತ್ತಿತ್ತು. ಗುಂಡ ಈ ಕಡೆ ಬಾಲ ಉಬ್ಬಿಸಿಕೊಂಡು ಗಂಟೆಗಟ್ಟಲೆ ನಿಲ್ಲುತ್ತಿದ್ದ. ನಾವು ಅದನ್ನು ನೋಡಿ ಸುಮ್ಮನಿದ್ದೆವು. ಈಗ ಗಾಜಿನ ಕೆಳಭಾಗಕ್ಕೆ ಮಸುಕು ಹಾಳೆ ಅಂಟಿಸಿದ್ದೇವೆ. ಬಾಕ್ಸ್ ಎರಡು, ಬೇರೆ ಬೇರೆ ಮೂಲೆಯಲ್ಲಿ, ಮುಚ್ಚಳ ಇಲ್ಲದ್ದು, ಅವನು ಸಲೀಸಾಗಿ ತಿರುಗುವಷ್ಟು ದೊಡ್ಡದು. ಬೆಕ್ಕು ಎಷ್ಟಿವೆಯೋ ಅದಕ್ಕಿಂತ ಒಂದು ಜಾಸ್ತಿ ಬಾಕ್ಸ್ ಇರಬೇಕು. ಬೀರುವಿನ ಮೇಲೆ ಒಂದು ಬುಟ್ಟಿ ಅವನದೇ, ಅಲ್ಲಿದ್ದಾಗ ಯಾರೂ ಮುಟ್ಟುವ ಹಾಗಿಲ್ಲ. ಬೆಳಿಗ್ಗೆ ಸಂಜೆ ಹತ್ತು ನಿಮಿಷ ದಾರದ ಆಟ.

ಏಳು ತಿಂಗಳ ನಂತರ ಮನೆಯಲ್ಲಿ ನೆಂಟರು ತುಂಬಿದ ವಾರ ಮತ್ತೆ ಗೋಲಿ ಗಾತ್ರದ ಉಂಡೆ ಕಂಡವು, ಮೂರು. ಒಂದು ಗಂಟೆಯೊಳಗೆ ಆಸ್ಪತ್ರೆಯಲ್ಲಿದ್ದೆ. ಕಟ್ಟಿರಲಿಲ್ಲ, ಬರೀ ಉರಿ. ನೋವಿಗೆ ಔಷಧಿ ಕೊಟ್ಟರು, ಊಟಕ್ಕೆ ನೀರು ಜಾಸ್ತಿ ಮಾಡಿ, ಸದ್ದಿಲ್ಲದ ಕೋಣೆಯಲ್ಲಿ ಬಿಡಿ ಅಂದರು. ನಾಲ್ಕು ದಿನಕ್ಕೆ ಸರಿಹೋಯಿತು. ಮತ್ತೆ ಮತ್ತೆ ಕಟ್ಟಿದರೆ ತುದಿಯ ಸಣ್ಣ ಭಾಗ ತೆಗೆದು ದಾರಿ ಅಗಲ ಮಾಡುವ ಆಪರೇಷನ್ ಇದೆ. ಅದು ಕಟ್ಟುವುದನ್ನು ಬಹುಮಟ್ಟಿಗೆ ತಪ್ಪಿಸುತ್ತದೆ, ಊತವನ್ನು ತಪ್ಪಿಸುವುದಿಲ್ಲ. ಹಾಗಾಗಿ ಆಪರೇಷನ್ ಆದರೂ ನೀರು, ಬಾಕ್ಸ್, ನೆಮ್ಮದಿ ಎಲ್ಲಾ ಬೇಕೇ ಬೇಕು. ನಮಗೆ ಅಲ್ಲಿಯವರೆಗೆ ಬಂದಿಲ್ಲ.

ಗುಂಡನಿಗೆ ಈಗ ಆರು ವರ್ಷ, ತೂಕ ನಾಲ್ಕೂಮುಕ್ಕಾಲು ಕೆಜಿ. ಇವತ್ತು ಬೆಳಿಗ್ಗೆ ಎರಡು ಉಂಡೆ, ಒಂದು ನನ್ನ ಮುಷ್ಟಿಯಷ್ಟಿತ್ತು. ಅಮ್ಮನೇ ಸೋಸಿ, ನಾನು ಹಲ್ಲುಜ್ಜುತ್ತಿರುವಾಗ ಬಾಗಿಲ ಹತ್ತಿರ ಬಂದು ಹೇಳಿದರು, "ಎರಡು ಕಣೇ, ಬರೆದುಕೋ."